ಸಾಕಾರಮಂತ್ರಭೇದ ಮತ್ತು ಅಂಗೈಯ ಯಂತ್ರ

ಧಾರವಾಡ ಸೀಮೆಯ ಒಂದು ಊರಿನ ಬಟ್ಟೆ ವ್ಯಾಪಾರಿಯೊಬ್ಬರು ಅನಸ್ತಮಿತ ಭೋಜನದ ನಿಯಮವನ್ನು ಚಿಕ್ಕಂದಿನಿಂದ ಪಾಲಿಸಿಕೊಂಡು ಬಂದವರು. ಒಂದು ಸಂಜೆ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಊಟಕ್ಕೆ ಏಳುವ ಹೊತ್ತಿಗೆ ಅವರ ಮೊಬೈಲಿಗೆ ಅಪರಿಚಿತ ಸಂಖ್ಯೆಯಿಂದ ಒಂದು ಚಿತ್ರ ಬಂದಿತು. ಚಿತ್ರದಲ್ಲಿದ್ದ ಮುಖ ಹಿಂದಿನ ಓಣಿಯ ಹುಡುಗನದು. ದೇಹ ಮಾತ್ರ ಅವನದಲ್ಲ. ನೋಡಲಾಗದಂತಹ ಚಿತ್ರಕ್ಕೆ ಅವನ ಮುಖವನ್ನು ಅಂಟಿಸಿದ್ದರು. ಕೆಳಗೆ ಅವನ ಹೆಸರು, ತಂದೆಯ ಹೆಸರು, ಅವನು ಸಾಲ ತಿಂದು ತಲೆ ತಪ್ಪಿಸಿಕೊಂಡ ಕಳ್ಳನೆಂಬ ಒಕ್ಕಣೆ. ಹುಡುಗ ಮೊಬೈಲಿನ ಒಂದು ಸಾಲದ ಆ್ಯಪ್‌ನಿಂದ ಏಳು ಸಾವಿರ ರೂಪಾಯಿ ಪಡೆದಿದ್ದ. ಆ್ಯಪ್ ತೆರೆದ ದಿನ ಅದು ಏನೇನನ್ನೋ ಕೇಳಿತು, ಅವನು ಎಲ್ಲಕ್ಕೂ ಒಪ್ಪಿಗೆಯ ಗುಂಡಿಯನ್ನು ಒತ್ತಿದ. ಆ ಕ್ಷಣದಲ್ಲಿಯೇ ಅವನ ಮೊಬೈಲಿನಲ್ಲಿದ್ದ ಮುನ್ನೂರು ಚಿಲ್ಲರೆ ಸಂಖ್ಯೆಗಳು ಅವನದಲ್ಲದ ಕೈಗೆ ಹೋಗಿದ್ದವು. ತಾಯಿಯ ಸಂಖ್ಯೆ, ಕಾಲೇಜಿನ ಅಧ್ಯಾಪಕರ ಸಂಖ್ಯೆ, ಬಸದಿಯ ಪುರೋಹಿತರ ಸಂಖ್ಯೆ, ಈ ವ್ಯಾಪಾರಿಯ ಸಂಖ್ಯೆ, ಎಲ್ಲವೂ.

ವ್ಯಾಪಾರಿ ಊಟಕ್ಕೆ ಕುಳಿತರೂ ತುತ್ತು ಇಳಿಯಲಿಲ್ಲ. ಅಷ್ಟರಲ್ಲಿ ಊರಿನ ವರ್ತಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಅದೇ ಚಿತ್ರವನ್ನು ಯಾರೋ ಹಂಚಿದ್ದರು. ಜೊತೆಗೆ ನಗುವ ಮುಖದ ಮೂರು ಗುರುತುಗಳು. ಹಂಚಿದವರು ಪ್ರತಿ ದಶಲಕ್ಷಣ ಪರ್ವದಲ್ಲಿಯೂ ಉತ್ತಮ ಸತ್ಯದ ದಿನ ಪ್ರವಚನದ ಮುಂದಿನ ಸಾಲಿನಲ್ಲಿ ಕೂಡುವವರೇ.

ಅವರು ತಾವು ಸುಳ್ಳು ಹೇಳಿದೆವೆಂದು ಎಂದಿಗೂ ಒಪ್ಪಲಾರರು. ತಾವಾಗಿ ಒಂದು ಮಾತನ್ನೂ ಬರೆದಿರಲಿಲ್ಲ. ಬಂದುದನ್ನು ಮುಂದಕ್ಕೆ ಕಳುಹಿಸಿದ್ದರು, ಅಷ್ಟೆ. ಆದರೆ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಓದಿದವರಿಗೆ ಇಲ್ಲಿ ಸತ್ಯಾಣುವ್ರತಕ್ಕೇ ಪೆಟ್ಟು ಬಿದ್ದಿತೆಂಬುದು ಗೊತ್ತಾಗುತ್ತದೆ. ಸತ್ಯಾಣುವ್ರತದ ಅತಿಚಾರಗಳು ಐದು: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಮೊದಲ ಬಾರಿಗೆ ಈ ಪಟ್ಟಿಯನ್ನು ಕೇಳುವವರಿಗೆ ಒಂದು ಅಚ್ಚರಿ ಕಾದಿದೆ. ಈ ಐದರಲ್ಲಿ ರಹೋಭ್ಯಾಖ್ಯಾನ ಮತ್ತು ಸಾಕಾರಮಂತ್ರಭೇದಗಳಲ್ಲಿ ಆಡುವ ಮಾತು ಸುಳ್ಳೇ ಆಗಿರಬೇಕಿಲ್ಲ. ಏಕಾಂತದಲ್ಲಿ ಸ್ತ್ರೀಪುರುಷರ ನಡುವೆ ನಡೆದುದನ್ನು ಬಯಲು ಮಾಡುವುದು ರಹೋಭ್ಯಾಖ್ಯಾನ. ನಡೆದದ್ದು ನಿಜವೇ ಇರಬಹುದು. ಆದರೂ ಅದನ್ನು ಹೇಳಿದವನ ಸತ್ಯವ್ರತಕ್ಕೆ ಕಲೆ ತಗಲುತ್ತದೆ.

ನಿಜವನ್ನು ಹೇಳಿದರೆ ಸತ್ಯವ್ರತಕ್ಕೆ ಭಂಗ ಹೇಗೆ? ಪಾಠಶಾಲೆಯ ಮಕ್ಕಳೂ ಕೇಳುವ ಪ್ರಶ್ನೆಯಿದು. ಜೈನಾಚಾರ್ಯರು ಸತ್ಯವನ್ನು ಅಹಿಂಸೆಯಿಂದ ಬೇರೆಯಾಗಿಸಿ ಎಂದೂ ನೋಡಿದವರಲ್ಲ. ಹೊಲದ ಪೈರಿಗೆ ಬೇಲಿ ಹೇಗೋ ಹಾಗೆ ಉಳಿದ ನಾಲ್ಕು ವ್ರತಗಳು ಅಹಿಂಸೆಗೆ ಕಾವಲು. ಪ್ರಮಾದಕ್ಕೆ ಒಳಗಾಗಿ, ಅಂದರೆ ಕಷಾಯದ ವಶವಾಗಿ ಎಚ್ಚರ ತಪ್ಪಿ, ಇನ್ನೊಂದು ಜೀವಕ್ಕೆ ನೋವಾಗುವಂತೆ ಆಡಿದ ಮಾತು ನಡೆದ ಸಂಗತಿಗೆ ತಾಳೆಯಾದರೂ ಪ್ರಶಸ್ತವಲ್ಲ. ವಕೀಲರ ಲೆಕ್ಕದ ಸತ್ಯ ಬೇರೆ, ಶ್ರಾವಕನ ಸತ್ಯ ಬೇರೆ.

ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಈ ಐದು ಅತಿಚಾರಗಳಿಗೆ ಬರೆದ ವಿವರಣೆಗಳನ್ನು ಇಂದು ಮೊಬೈಲನ್ನು ಎದುರಿಗಿಟ್ಟುಕೊಂಡು ಓದಬೇಕು. ಒಬ್ಬನು ಆಡದ ಮಾತನ್ನು ಆಡಿದನೆಂದು, ಮಾಡದ ಕೆಲಸವನ್ನು ಮಾಡಿದನೆಂದು ವಂಚನೆಗಾಗಿ ಬರೆಯುವುದು ಕೂಟಲೇಖಕ್ರಿಯೆ. ಆಗ ಓಲೆಯೂ ಕಂಠವೂ ಬೇಕಿದ್ದವು. ಬರೆಯುವವನಿಗೆ ಅನ್ಯರ ಅಕ್ಷರವನ್ನು ಅನುಕರಿಸುವ ಕೈಚಳಕವೂ ಬೇಕಿತ್ತು. ಈಗ ಒಬ್ಬರ ಧ್ವನಿಯ ಚಿಕ್ಕ ತುಣುಕು ಸಿಕ್ಕರೆ ಸಾಕು, ಅವರು ಆಡದ ಮಾತನ್ನು ಅವರದೇ ಧ್ವನಿಯಲ್ಲಿ ನುಡಿಸುವ ತಂತ್ರಾಂಶಗಳಿವೆ. ಮುಖವನ್ನು ಇನ್ನೊಂದು ದೇಹಕ್ಕೆ ಕೂಡಿಸುವ ಡೀಪ್‌ಫೇಕ್ ವಿದ್ಯೆಯೂ ಇದೆ. ಹಿಂದಿನ ಓಣಿಯ ಹುಡುಗನ ಚಿತ್ರವನ್ನು ರೂಪಿಸಿದವರಿಗೆ ಅಷ್ಟು ಜಾಣ್ಮೆಯೂ ಬೇಕಾಗಿರಲಿಲ್ಲ. ಮಿಥ್ಯೋಪದೇಶದ ಬಗ್ಗೆ ಹೆಚ್ಚು ಹೇಳುವುದು ಬೇಡ. ಬೆಳಗಿನ ಶುಭೋದಯದ ಸಂದೇಶದಿಂದ ಮೊದಲುಗೊಂಡು ರಾತ್ರಿಯ ಮನೆಮದ್ದಿನವರೆಗೆ ಅದನ್ನು ಪ್ರತಿಯೊಬ್ಬರೂ ಬಲ್ಲರು.

ನಿಂತು ನೋಡಬೇಕಾದ ಅತಿಚಾರಗಳು ಉಳಿದ ಎರಡು.

ಸಾಕಾರಮಂತ್ರಭೇದವೆಂದರೆ, ಒಬ್ಬನು ಬಾಯಿಬಿಟ್ಟು ಹೇಳದಿದ್ದರೂ ಪ್ರಸಂಗದಿಂದ, ಅಂಗವಿಕಾರದಿಂದ, ಹುಬ್ಬಿನ ಚಲನೆಯಿಂದ ಅವನ ಮನಸ್ಸಿನ ಆಶಯವನ್ನು ಊಹಿಸಿ, ಅಸೂಯೆ ಮುಂತಾದ ಕಾರಣಗಳಿಂದ ಅದನ್ನು ಹೊರಗೆಡಹುವುದು. ಇಲ್ಲಿನ ಆಕಾರವೆಂದರೆ ಮುಖಚಹರೆ, ಇಂಗಿತ. ಮಂತ್ರವೆಂದರೆ ಒಳಗಿನ ಆಲೋಚನೆ. ಹೇಳದ ಮಾತನ್ನೂ ಕದಿಯಬಹುದೆಂಬುದನ್ನು ಆಚಾರ್ಯರು ಕಂಡಿದ್ದರು. ಎದುರಿಗೆ ಕುಳಿತ ಮನುಷ್ಯನ ಹುಬ್ಬನ್ನು ಓದುವ ಚತುರ ಅಂದು ಊರಿಗೆ ಒಬ್ಬನೋ ಇಬ್ಬರೋ. ಇಂದು ಆ ಕೆಲಸವನ್ನು ಯಂತ್ರ ಮಾಡುತ್ತಿದೆ. ಪರದೆಯ ಮೇಲೆ ಬೆರಳು ಯಾವ ಚಿತ್ರದ ಬಳಿ ಎಷ್ಟು ಹೊತ್ತು ನಿಂತಿತು, ಯಾವ ಔಷಧದ ಹೆಸರನ್ನು ಹುಡುಕಿತು, ರಾತ್ರಿ ಎಷ್ಟು ಗಂಟೆಗೆ ಎಚ್ಚರವಾಯಿತು, ಇವೆಲ್ಲವೂ ಅದಕ್ಕೆ ಹುಬ್ಬಿನ ಚಲನೆಗಳೇ.

ಇದನ್ನು ಅತಿಶಯೋಕ್ತಿಯೆಂದು ತಳ್ಳಿಹಾಕುವಂತಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಾವಾಗಿ ಒಪ್ಪಿ ಮುಂದೆ ಬಂದ 58,000ಕ್ಕೂ ಹೆಚ್ಚು ಫೇಸ್‌ಬುಕ್ ಬಳಕೆದಾರರು ಏನೇನನ್ನು ಮೆಚ್ಚಿ ಗುರುತು ಒತ್ತಿದ್ದರು ಎಂಬುದನ್ನಷ್ಟೇ ಆಧರಿಸಿ ಅವರ ಧರ್ಮ, ರಾಜಕೀಯ ಒಲವು, ಸ್ವಭಾವ, ಮದ್ಯ ಸಿಗರೇಟುಗಳ ಅಭ್ಯಾಸ ಇವುಗಳನ್ನು ಊಹಿಸಲು ಸಾಧ್ಯವಾಯಿತು. ವಯಸ್ಸು 21 ತುಂಬುವ ಮುನ್ನ ತಂದೆತಾಯಿ ಬೇರೆಯಾಗಿದ್ದರೇ ಎಂಬುದನ್ನೂ ಅಳೆಯಲು ನೋಡಿದ್ದರು. ಕೆಲವು ಊಹೆಗಳು ಬಹಳ ನಿಖರವಾಗಿದ್ದವು, ಕೆಲವು ಅಷ್ಟಾಗಿ ಅಲ್ಲ. ಸಂಶೋಧಕರು ಅದನ್ನು ಮಾಡಿದ್ದು ಅರಿವಿಗಾಗಿ. ಅವರೇ ಅದರ ಅಪಾಯವನ್ನೂ ಎತ್ತಿ ಹೇಳಿದರು. ಐದು ವರ್ಷಗಳ ನಂತರ, 2018ರಲ್ಲಿ, ಕೇಂಬ್ರಿಜ್ ಅನಾಲಿಟಿಕಾ ಎಂಬ ಕಂಪನಿಯ ಪ್ರಕರಣ ಹೊರಬಿದ್ದಿತು. ಎಂಟು ಕೋಟಿ 70 ಲಕ್ಷದಷ್ಟು ಜನರ ಮಾಹಿತಿ ಅದರ ಕೈಗೆ ತಪ್ಪಾಗಿ ಸೇರಿರಬಹುದೆಂದು ಫೇಸ್‌ಬುಕ್ ಸಂಸ್ಥೆಯೇ ಒಪ್ಪಿಕೊಂಡಿತು. ಅವರಲ್ಲಿ ಬಹುಪಾಲು ಜನ ಯಾವ ಪ್ರಶ್ನೆಗೂ ಉತ್ತರಿಸಿದವರಲ್ಲ, ಉತ್ತರಿಸಿದವರ ಸ್ನೇಹಿತರಾಗಿದ್ದರು, ಅಷ್ಟೆ. ಓಣಿಯ ಹುಡುಗ ಗುಂಡಿ ಒತ್ತಿದಾಗ ಬಟ್ಟೆ ವ್ಯಾಪಾರಿಯ ಸಂಖ್ಯೆ ಹೋದದ್ದೂ ಹೀಗೆಯೇ. ಒಬ್ಬನ ಒಪ್ಪಿಗೆಯಿಂದ ಇನ್ನೊಬ್ಬನ ಬಾಗಿಲು ತೆರೆಯಿತು.

ಯುವಕರು ಸ್ವಾಧ್ಯಾಯ ಸಭೆಗಳಲ್ಲಿ ಕೆಲವೊಮ್ಮೆ ಒಂದು ಚುರುಕಾದ ಪ್ರಶ್ನೆ ಎಸೆಯುವುದುಂಟು. ಕೇವಲಜ್ಞಾನಿಗೆ ಮೂರು ಲೋಕದ ಮೂರು ಕಾಲದ ಎಲ್ಲ ದ್ರವ್ಯಗಳೂ ಎಲ್ಲ ಪರ್ಯಾಯಗಳೂ ಕಾಣುತ್ತವೆ ಎಂದು ನಂಬುವ ಜೈನನಿಗೆ, ಯಂತ್ರವೊಂದು ತನ್ನನ್ನು ನೋಡುತ್ತಿದೆ ಎಂದರೆ ಅಂಜಿಕೆ ಏಕೆ? ಪ್ರಶ್ನೆ ತಮಾಷೆಯದಾದರೂ ಉತ್ತರ ತಮಾಷೆಯದಲ್ಲ. ಕೇವಲಿಯು ಎಲ್ಲವನ್ನೂ ಅರಿಯುವುದು ಮೋಹನೀಯ ಕರ್ಮ ಪೂರ್ತಿ ಕ್ಷಯವಾದ ಮೇಲೆ. ಅರಿತರೂ ಅವರಿಗೆ ಅರಿತುದರಿಂದ ಬೇಕಾದದ್ದು ಏನೂ ಇಲ್ಲ. ರಾಗವಿಲ್ಲ, ದ್ವೇಷವಿಲ್ಲ, ಮಾರಾಟವಿಲ್ಲ. ಯಂತ್ರದ ಹಿಂದೆ ಕುಳಿತವರು ನೋಡುವುದೇ ಬಯಕೆಯಿಂದ. ಇವನ ಯಾವ ದೌರ್ಬಲ್ಯಕ್ಕೆ ಯಾವ ಸರಕು ಒಗ್ಗೀತು, ಯಾವ ಭಯಕ್ಕೆ ಯಾವ ಮತ ಬಿದ್ದೀತು ಎಂಬುದು ಅವರ ಲೆಕ್ಕ. ವೀತರಾಗತೆ ಬರುವ ಮೊದಲೇ ಸರ್ವಜ್ಞತೆಗೆ ಹಂಬಲಿಸುವುದು ಲೋಭದ ಒಂದು ಬಗೆ.

ನ್ಯಾಸಾಪಹಾರದ ವಿವರಣೆಯಂತೂ ಇನ್ನೂ ಸೂಕ್ಷ್ಮವಾದುದು. ನ್ಯಾಸವೆಂದರೆ ನಂಬಿಕೆಯ ಮೇಲೆ ಇಟ್ಟ ಒತ್ತೆ. ಒಬ್ಬನು ಚಿನ್ನದ ನಾಣ್ಯಗಳನ್ನು ಇನ್ನೊಬ್ಬನ ಬಳಿ ಇಟ್ಟು ಹೋದ. ಕಾಲ ಕಳೆದ ಮೇಲೆ ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಸಂಖ್ಯೆಯನ್ನು ಕೇಳುತ್ತಾನೆ. ಇಟ್ಟುಕೊಂಡವನು ಹೌದು, ಅಷ್ಟೇ ಎಂದು ಒಪ್ಪಿ ಅಷ್ಟನ್ನೇ ಮರಳಿಸುತ್ತಾನೆ. ಇದೇ ಪೂಜ್ಯಪಾದರು ಹೇಳುವ ನ್ಯಾಸಾಪಹಾರ. ಇಲ್ಲಿ ಕನ್ನ ಹಾಕಿಲ್ಲ, ಬೀಗ ಮುರಿದಿಲ್ಲ. ಆಡಿದ ಮಾತು ಒಂದೇ, ಹೌದು ಎಂಬುದು. ಕೊಟ್ಟವನ ಮರೆವೇ ಇಟ್ಟುಕೊಂಡವನ ಲಾಭ.

ಮೊಬೈಲು ಹಿಡಿದ ಯಾರಾದರೂ ತಾವು ಈ ಹತ್ತು ವರ್ಷಗಳಲ್ಲಿ ಯಾರಿಗೆ ಏನೇನು ಕೊಟ್ಟಿದ್ದೇವೆಂದು ನೆನಪಿಸಿಕೊಳ್ಳಬಲ್ಲರೆ? ಬಟ್ಟೆ ಅಂಗಡಿಯ ಬಿಲ್ಲಿಗೆ ಮೊಬೈಲ್ ಸಂಖ್ಯೆ, ವಸತಿಗೃಹದ ಮೇಜಿನ ಮೇಲೆ ಆಧಾರ್ ಪ್ರತಿ, ಔಷಧಿ ತರಿಸುವ ಆ್ಯಪ್‌ಗೆ ಮನೆಯ ಮುದುಕರ ರೋಗದ ಚೀಟಿ, ಉಚಿತ ಜಾತಕಕ್ಕೆ ಹುಟ್ಟಿದ ಗಳಿಗೆ. ಕೊಟ್ಟವರಿಗೆ ಮರೆತುಹೋಗಿದೆ. ಇಟ್ಟುಕೊಂಡವರಿಗೆ ಮರೆತಿಲ್ಲ.

ಭಾರತದ ಕಾನೂನು ಈ ನ್ಯಾಸದ ಭಾವನೆಗೆ ಬಂದು ಮುಟ್ಟಿದ ದಾರಿಯಲ್ಲಿ ಕನ್ನಡ ನಾಡಿನ ಒಬ್ಬ ಹಿರಿಯರ ಹೆಜ್ಜೆಯಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಖಾಸಗಿತನವೆಂಬ ಮೂಲಭೂತ ಹಕ್ಕು ಸಂವಿಧಾನದಲ್ಲಿ ಇದೆಯೇ ಎಂಬ ಪ್ರಶ್ನೆ ಎದ್ದಾಗ 1954 ಮತ್ತು 1962ರ ಹಳೆಯ ತೀರ್ಪುಗಳು ಅಡ್ಡ ಬಂದವು. ಕೊನೆಗೆ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ, ಖಾಸಗಿತನವು ಜೀವಿಸುವ ಹಕ್ಕಿನ ಒಳಗೇ ಇರುವ ಮೂಲಭೂತ ಹಕ್ಕು ಎಂದು ಸಾರಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ದೇಶದ ನ್ಯಾಯಾಲಯಗಳಲ್ಲಿ ಖಾಸಗಿತನದ ಮಾತು ಬಂದಾಗಲೆಲ್ಲ ಅವರ ಹೆಸರು ಇನ್ನೂ ಕೇಳುತ್ತದೆ.

ಆ ತೀರ್ಪಿನ ನಂತರ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರಬೇಕಾಗಿವೆ. ಜನರ ಮಾಹಿತಿಯನ್ನು ಪಡೆದಿಟ್ಟುಕೊಳ್ಳುವ ಸಂಸ್ಥೆಯನ್ನು ಈ ಕಾಯ್ದೆ ಮಾಲೀಕ ಎನ್ನುವುದಿಲ್ಲ. ಅದು ಬಳಸುವ ಇಂಗ್ಲಿಷ್ ಪದದ ಅರ್ಥ, ಇನ್ನೊಬ್ಬರ ಪರವಾಗಿ ನಂಬಿಕೆಯಿಂದ ಇಟ್ಟುಕೊಂಡವನು ಎಂದು. ಕನ್ನಡದಲ್ಲಿ ಅದನ್ನು ನ್ಯಾಸಧಾರಿ ಎಂದರೆ ತಪ್ಪಾಗದು. ಒಪ್ಪಿಗೆಯು ಸ್ವಇಚ್ಛೆಯದಾಗಿರಬೇಕು, ಯಾವ ಕಾರ್ಯಕ್ಕೆಂದು ತಿಳಿದು ಕೊಟ್ಟದ್ದಾಗಿರಬೇಕು, ಆ ಕಾರ್ಯಕ್ಕೆ ಅಗತ್ಯವಾದಷ್ಟು ಮಾಹಿತಿಗೆ ಮಾತ್ರ ಸೀಮಿತವಾಗಿರಬೇಕು. ಅಗತ್ಯ ತೀರಿದ ಮೇಲೆ ಅಳಿಸಬೇಕು. ಪರಿಗ್ರಹ ಪರಿಮಾಣ ವ್ರತ ತೊಟ್ಟವರಿಗೆ ಈ ಮಾತು ಹೊಸದಲ್ಲ. ಮಾಹಿತಿಯನ್ನು ಕಾಪಾಡದೆ ಸೋರಿಸಿದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಬಹುದು. ಸರ್ಕಾರಕ್ಕೆ ಕಾಯ್ದೆ ಕೊಟ್ಟಿರುವ ವಿನಾಯಿತಿಗಳು ಮಾತ್ರ ಧಾರಾಳವಾದವೆಂಬ ಟೀಕೆಯಿದೆ, ಅದು ಹುರುಳಿಲ್ಲದ ಟೀಕೆಯೇನಲ್ಲ. ಸಾಲದ ಆ್ಯಪ್‌ಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿಯೇ, ಸಾಲಗಾರನ ಮೊಬೈಲಿನ ಸಂಪರ್ಕ ಸಂಖ್ಯೆಗಳನ್ನಾಗಲೀ ಚಿತ್ರಗಳನ್ನಾಗಲೀ ಕರೆಗಳ ಪಟ್ಟಿಯನ್ನಾಗಲೀ ಮುಟ್ಟಕೂಡದೆಂದು ನಿಯಮ ಮಾಡಿದೆ. ನಿಯಮ ಕಟ್ಟಿಹಾಕುವುದು ನಿಯಮಕ್ಕೆ ಒಳಪಟ್ಟವರನ್ನು. ಓಣಿಯ ಹುಡುಗನ ಕೈಗೆ ಸಿಕ್ಕಿದ್ದು ಯಾವ ನೋಂದಣಿಯೂ ಇಲ್ಲದ ಆ್ಯಪ್.

ಶ್ರಾವಕನ ಕೈಯಲ್ಲಿಯೇ ಇರುವ ಕಾವಲು ಯಾವುದು ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಗೋಪ್ಯ, ಗುಪ್ತ, ಗುಪ್ತಿ ಈ ಮೂರೂ ಪದಗಳಿಗೆ ಧಾತು ಒಂದೇ, ಕಾಪಾಡು ಎಂಬ ಅರ್ಥದ್ದು. ಮನೋಗುಪ್ತಿ, ವಚನಗುಪ್ತಿ, ಕಾಯಗುಪ್ತಿಗಳನ್ನು ಸಂವರಕ್ಕೆ, ಅಂದರೆ ಕರ್ಮ ಒಳಹರಿಯುವ ಬಾಗಿಲನ್ನು ಮುಚ್ಚುವುದಕ್ಕೆ, ಮೊದಲ ಉಪಾಯವಾಗಿ ಹೇಳಲಾಗಿದೆ. ಆದ್ದರಿಂದ ಗೋಪ್ಯವೆಂದರೆ ಕಪಟದಿಂದ ಬಚ್ಚಿಡುವುದೆಂದು ತಿಳಿಯಬೇಕಿಲ್ಲ. ಬಚ್ಚಿಟ್ಟು ಮೋಸ ಮಾಡುವುದು ಮಾಯಾಕಷಾಯ, ಕಾಪಾಡಿಕೊಳ್ಳುವುದು ಗುಪ್ತಿ. ಮುಚ್ಚಿಡುವಂಥದ್ದು ಏನೂ ಇಲ್ಲದವರಿಗೆ ಖಾಸಗಿತನ ಏತಕ್ಕೆ ಎಂದು ಕೇಳುವವರು ಈ ಎರಡನ್ನು ಕಲಸಿಬಿಡುತ್ತಾರೆ.

ಗುಣವ್ರತಗಳಲ್ಲಿ ಒಂದಾದ ದೇಶವ್ರತವನ್ನೂ ಇಲ್ಲಿ ನೆನೆಯಬೇಕು. ಇಂತಿಷ್ಟು ಕಾಲ ಈ ಮನೆ, ಈ ಬೀದಿ, ಈ ಬಸದಿಯ ಆಚೆ ಹೋಗೆನೆಂದು ಗಡಿ ಹಾಕಿಕೊಳ್ಳುವ ವ್ರತವದು. ಅದರ ಅತಿಚಾರಗಳಲ್ಲಿ ಶಬ್ದಾನುಪಾತ, ರೂಪಾನುಪಾತ ಎಂಬ ಎರಡಿವೆ. ಗಡಿಯೊಳಗೇ ಕುಳಿತು ಕೆಮ್ಮಿಯೋ ಕೂಗಿಯೋ ಹೊರಗಿನವರಿಗೆ ಸಂಜ್ಞೆ ಕೊಡುವುದು ಶಬ್ದಾನುಪಾತ. ತನ್ನ ರೂಪವನ್ನು ಹೊರಗಿನವರಿಗೆ ತೋರಿಸಿ ಕೆಲಸ ಸಾಧಿಸುವುದು ರೂಪಾನುಪಾತ. ಚತುರ್ದಶಿಯ ಉಪವಾಸದಂದು ಬಸದಿಯ ಮೂಲೆಯಲ್ಲಿ ಸಾಮಾಯಿಕಕ್ಕೆ ಕುಳಿತವರು ತಾವು ಕುಳಿತ ಭಂಗಿಯನ್ನು ಸೆರೆಹಿಡಿದು ಪುಣೆಯ ಅಳಿಯನಿಗೂ ಅಮೆರಿಕದ ಮೊಮ್ಮಗಳಿಗೂ ಕಳುಹಿಸಿದರೆ, ಗಡಿ ದಾಟಿದ್ದು ಕಾಲಲ್ಲ, ರೂಪ. ಇತ್ತೀಚೆಗೆ ಅಷ್ಟಾಹ್ನಿಕದಲ್ಲಿ ಎಂಟು ದಿನ ಉಪವಾಸ ಮಾಡಿದ ಅಜ್ಜಿಯರ ಬಾಡಿದ ಮುಖಗಳನ್ನು ಅವರನ್ನು ಒಂದು ಮಾತೂ ಕೇಳದೆ ಊರಿಗೆಲ್ಲ ಹಂಚುವ ವಾಡಿಕೆ ಬೆಳೆದಿದೆ. ಭಕ್ತಿಯಿಂದ ಮಾಡುತ್ತಾರೆ, ನಿಜ. ಆ ಅಜ್ಜಿ ಬಯಸಿದ್ದು ನಿರ್ಜರೆಯನ್ನು.

ಇನ್ನು ಇತರರ ಗುಟ್ಟು ನಮ್ಮ ಕೈಗೆ ಬಂದು ಬಿದ್ದಾಗ ಏನು ಮಾಡಬೇಕು? ಭಗವತೀ ಆರಾಧನೆಯು ಸಲ್ಲೇಖನ ಮಾಡಿಸುವ ನಿರ್ಯಾಪಕಾಚಾರ್ಯರಿಗೆ ಇರಬೇಕಾದ ಗುಣಗಳನ್ನು ಹೇಳುವಾಗ ಅಪರಿಸ್ರಾವಿ ಎಂಬ ಒಂದು ಗುಣವನ್ನು ಎಣಿಸುತ್ತದೆ. ಸೋರದವನು ಎಂದರ್ಥ. ಶಿಷ್ಯನು ಆಲೋಚನೆಯ ಸಮಯದಲ್ಲಿ ಒಪ್ಪಿಸಿದ ದೋಷಗಳು, ಕಾದ ಕಬ್ಬಿಣ ಹೀರಿದ ನೀರಿನಂತೆ, ಗುರುವಿನಿಂದ ಹೊರಗೆ ಬರಕೂಡದು. ಗುರು ಸೋರಿದರೆ ಶಿಷ್ಯನು ಲಜ್ಜೆಯಿಂದಲೋ ರೋಷದಿಂದಲೋ ಧರ್ಮವನ್ನೇ ತೊರೆದಾನು. ಒಬ್ಬನ ಗುಟ್ಟು ಬಯಲಾಗುವುದರಿಂದ ಒಂದು ಜೀವವೇ ಕಳೆದುಹೋಗಬಹುದೆಂಬ ಎಚ್ಚರ ಆ ಗ್ರಂಥಕ್ಕಿದೆ. ಸಾಲದ ಆ್ಯಪ್‌ಗಳ ಕಿರುಕುಳಕ್ಕೆ ಸಿಕ್ಕಿ ಪ್ರಾಣ ಬಿಟ್ಟವರ ಸುದ್ದಿಗಳನ್ನು ಓದಿದವರಿಗೆ ಈ ಎಚ್ಚರದ ತೂಕ ತಿಳಿದೀತು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಐದನೆಯದಾದ ಉಪಗೂಹನವೂ ಇದನ್ನೇ ಹೇಳುತ್ತದೆ. ಅದಕ್ಕೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಉದಾಹರಿಸುವುದು ಜಿನೇಂದ್ರಭಕ್ತ ಶ್ರೇಷ್ಠಿಯನ್ನು. ತಾಮ್ರಲಿಪ್ತಿಯ ಆ ಶ್ರೇಷ್ಠಿಯ ಮನೆಯ ಚೈತ್ಯಾಲಯಕ್ಕೆ ಒಬ್ಬ ಕಳ್ಳ ವ್ರತಿಯ ವೇಷದಲ್ಲಿ ಬಂದು ಸೇರುತ್ತಾನೆ. ಸಮಯ ನೋಡಿ ಅಮೂಲ್ಯವಾದ ವೈಡೂರ್ಯವನ್ನು ಕದ್ದು ಓಡುತ್ತಾನೆ. ಕಾವಲಿನವರು ಬೆನ್ನಟ್ಟಿದಾಗ ದಿಕ್ಕು ಕಾಣದೆ ಶ್ರೇಷ್ಠಿಯ ಬಳಿಗೇ ಓಡಿ ಬರುತ್ತಾನೆ. ಅವನು ಕಳ್ಳನೆಂದು ಶ್ರೇಷ್ಠಿಗೆ ತಿಳಿಯಿತು. ಆದರೂ ರತ್ನವನ್ನು ತರಲು ತಾನೇ ಹೇಳಿದ್ದೆನೆಂದು ಕಾವಲಿನವರನ್ನು ಕಳುಹಿಸಿ, ಆಮೇಲೆ ಏಕಾಂತದಲ್ಲಿ ಅವನನ್ನು ಗದರಿಸಿ ಹೊರಗಟ್ಟುತ್ತಾನೆ. ಈ ಕಥೆಯನ್ನು ಇಂದು ಹೇಳುವಾಗ ಒಂದು ಮಾತು ಸೇರಿಸಲೇಬೇಕು. ಬಲಹೀನರನ್ನು ನೋಯಿಸಿದ ಬಲಾಢ್ಯರ ತಪ್ಪಿಗೆ ಇದು ಮುಸುಕಾಗಬಾರದು. ಶ್ರೇಷ್ಠಿ ಮುಚ್ಚಿಟ್ಟದ್ದು ತನ್ನದೇ ಮನೆಯಲ್ಲಿ, ತನಗೇ ಆದ ನಷ್ಟವನ್ನು. ಇನ್ನೊಬ್ಬರ ಗಾಯವನ್ನು ಮುಚ್ಚಿಡುವ ಅಧಿಕಾರ ಅವನಿಗೂ ಇರಲಿಲ್ಲ.

ಬಟ್ಟೆ ವ್ಯಾಪಾರಿ ಅಂದು ವರ್ತಕರ ಗುಂಪಿನಲ್ಲಿ ಏನನ್ನೂ ಬರೆಯಲಿಲ್ಲ. ಹಂಚಿದವರ ಮನೆಗೆ ಹೋಗಿ ಮೆಲ್ಲಗೆ ಮಾತನಾಡಿದರು. ಚಿತ್ರ ಗುಂಪಿನಿಂದ ಹೋಯಿತು. ನಂತರ ಹಿಂದಿನ ಓಣಿಗೆ ನಡೆದರು. ಹುಡುಗ ಅಟ್ಟದ ಕೋಣೆಯಲ್ಲಿ ದೀಪ ಹಚ್ಚದೆ ಕುಳಿತಿದ್ದ. ತಾಯಿ ಕೆಳಗೆ ಮೆಟ್ಟಿಲ ಬಳಿ ಸೆರಗು ಬಾಯಿಗೆ ಹಿಡಿದು ನಿಂತಿದ್ದರು.

“ಕಾಕಾ, ನಿಮಗೂ ಬಂತೇನ್ರಿ?”

“ಬಂದದಪಾ. ದೂರು ಕೊಡಾಕ ಬೇಕಾದೀತು ಅಂತ ಇಟ್ಟೇನಿ. ಯಾರಿಗೂ ತೋರ್ಸಿಲ್ಲ. ಏಳು, ಮೊದ್ಲ ಕೆಳಗ ಬಾ.”

ಅಂದು ರಾತ್ರಿಯೇ 1930 ಸಂಖ್ಯೆಗೆ ಕರೆ ಮಾಡಿಸಿದರು. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯದೆ ಹುಡುಗನನ್ನು ಕರೆದುಕೊಂಡು ಜಿಲ್ಲಾ ಕೇಂದ್ರದ ಸೈಬರ್ ಅಪರಾಧ ಠಾಣೆಗೆ ಹೋದರು. ದೂರು ಬರೆದುಕೊಂಡು ಚಿತ್ರದ ಪ್ರತಿಯನ್ನು ಪಡೆಯುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕುಳಿತು ಅವರು ತಮ್ಮ ಮೊಬೈಲನ್ನು ಹುಡುಗನ ಕೈಗೆ ಕೊಟ್ಟರು.

“ಇನ್ನ ನೀನ ಅಳಿಸು.”

ಅವನು ಅಳಿಸಿದ. ಆಮೇಲೆ ಇನ್ನೆಲ್ಲೋ ಬೆರಳಾಡಿಸಿ, “ಅಳಿಸಿದ್ರೂ ಕಸದ ಡಬ್ಬ್ಯಾಗ ಇನ್ನೂ ಉಳಿದಿರ್ತದ್ರಿ ಕಾಕಾ, ಅಲ್ಲಿಂದನೂ ತಗೀಬೇಕು” ಎಂದ. ಮೊಬೈಲಿನೊಳಗೆ ಅಂಥದೊಂದು ಡಬ್ಬಿ ಇದೆಯೆಂಬುದು ಅವರಿಗೆ ಅದುವರೆಗೆ ಗೊತ್ತಿರಲಿಲ್ಲ. ಹುಡುಗ ಅದನ್ನೂ ಬರಿದು ಮಾಡುವವರೆಗೆ ಅವರು ಬಗ್ಗಿ ನೋಡಿದರು. ನಂತರ ಬಿಸಿಲನ್ನು ನೋಡಿ, ಸೂರ್ಯಾಸ್ತದೊಳಗೆ ಊರು ಮುಟ್ಟಿಸುವ ಬಸ್ಸು ಯಾವುದೆಂದು ಅವನನ್ನೇ ಕೇಳಿದರು.